ನಾಲ್ಕು ದನ ಜಾಸ್ತಿ ಮಾಡಿ ಗುಡ್ಡೆ ಬಾಡಿಗೆಗೆ ಹಿಡಿಯಬೇಕಾ, ಬೇಡ್ವಾ?

ಸುರಂಗನೀರು, ಪೆರ್ಲ:

ದೀಪಾವಳಿಯ ಗೋಪೂಜೆ ಮುಗಿದ ದಿನದಿಂದ ತಲೆಯಲ್ಲಿ ಇದೇ ಓಡುತ್ತಿದೆ. ಇಲ್ಲಿ ಹಾಕಿ ಬಿಡುತ್ತೇನೆ, ಬೈಯುವವರು ಬೈಯಿರಿ.

ಮನೆ ಪೆರ್ಲದಿಂದ ಸ್ವಲ್ಪ ಒಳಗೆ, ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಹಟ್ಟಿಯಲ್ಲಿ ಆರು ತಲೆ ಇವೆ. ಜೆರ್ಸಿ ಕ್ರಾಸ್ ಎರಡು, ಎಚ್‌ಎಫ್ (ಹೋಲ್‌ಸ್ಟೀನ್) ಕ್ರಾಸ್ ಒಂದು, ಊರಿನ ಗಿಡ್ಡ ತಳಿಯದ್ದು ಎರಡು, ಒಂದು ಕಡಸು. ಮನೆಗೆ ಇಟ್ಟು ದಿನಕ್ಕೆ 18ರಿಂದ 20 ಲೀಟರ್ ಸೊಸೈಟಿಗೆ ಹೋಗುತ್ತದೆ. ಕಳೆದ ತಿಂಗಳು ಲೀಟರಿಗೆ ಸರಾಸರಿ 44 ರೂಪಾಯಿ ಬಿತ್ತು. ಜೊತೆಗೆ 700 ಅಡಿಕೆ ಮರ. ನೀರು ಪೂರ್ತಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ್ದು, ಅಜ್ಜ ಕೊರೆಸಿದ್ದು.

ಮೇಲಿನ ಮನೆಯವರು ಮಗನ ಜೊತೆ ಬೆಂಗಳೂರಿಗೆ ಹೋಗಿದ್ದಾರೆ. ಅವರದ್ದು ನಾಲ್ಕು ಎಕರೆ ಗುಡ್ಡೆ, ಹಳೇ ಗೇರು ಕಡಿದ ಮೇಲೆ ಹುಲ್ಲು ಬಂದಿದೆ. ಕೆಳಗೆ ತೋಡಿನ ಬದಿ ಮುಕ್ಕಾಲು ಎಕರೆ ಹಡಿಲು (ಬೇಸಾಯ ಬಿಟ್ಟ) ಗದ್ದೆ. ಎರಡೂ ಸೇರಿಸಿ ವರ್ಷಕ್ಕೆ 25,000 ಕೊಡು, ದನ ಬಿಟ್ಟುಕೋ ಅಂತ ಫೋನಿನಲ್ಲಿ ಹೇಳಿದರು. ನನ್ನ ಯೋಚನೆ ಏನಂದರೆ ಬ್ಯಾಂಕಿನಲ್ಲಿ 3 ಲಕ್ಷ ಸಾಲ ಮಾಡಿ ಹತ್ತು ಲೀಟರ್ ಕೊಡುವ ಎಚ್‌ಎಫ್ ಕ್ರಾಸ್ ನಾಲ್ಕು ತರುವುದು, ಬೆಳಿಗ್ಗೆ ಹಾಲು ಕರೆದು ಗುಡ್ಡೆಗೆ ಬಿಡುವುದು, ಸಂಜೆ ಹೊಡೆದುಕೊಂಡು ಬರುವುದು. ದಿನಕ್ಕೆ 40 ಲೀಟರ್ ಜಾಸ್ತಿ, ತಿಂಗಳಿಗೆ 52,800. ಅರ್ಧ ಹಿಂಡಿಗೆ ಹೋಗಲಿ, ಉಳಿದದ್ದು ಸಾಲಕ್ಕೂ ನನಗೂ.

ಹೆಂಡತಿ ಈ ಲೆಕ್ಕದ ಚೀಟಿ ನೋಡಿ "ಇದು ದನವಾ, ಪಂಚಾಯತಿನ ನಲ್ಲಿಯಾ?" ಅಂತ ಕೇಳಿದಳು. ಅದಕ್ಕೇ ಇಲ್ಲಿಗೆ ಬಂದೆ.


ಗೇರುಗುಡ್ಡೆ, ಮುಳ್ಳೇರಿಯ:

ಪಂಚಾಯತಿನ ನಲ್ಲಿಯಲ್ಲೂ ದಿನಾ ನೀರು ಬರುವುದಿಲ್ಲ, ಆ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ ಇದೆ.

ಎಚ್‌ಎಫ್ ದನವನ್ನು ಗುಡ್ಡೆಗೆ ಬಿಡುತ್ತೀರಾ? ಒಂದು ಸಲ ಮಾರ್ಚ್ ತಿಂಗಳ ಮಧ್ಯಾಹ್ನ ಮುರಕಲ್ಲಿನ ಪಾರೆಯ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಆಮೇಲೆ ಮಾತಾಡುವ.


ಗಿಡ್ಡದಗಂಟೆ, ನೀರ್ಚಾಲು:

ಗೇರುಗುಡ್ಡೆ ಮೊದಲ ಮಾತಿಗೇ ಹೆದರಿಸುವುದು ಬೇಡ. ಗುಡ್ಡೆ ಚಂದದ ಜಾಗ, ಆದರೆ ತಪ್ಪು ದನ. ಆ ನಾಲ್ಕು ಎಕರೆಗೆ ಹೇಳಿ ಮಾಡಿಸಿದ್ದು ನಿಮ್ಮ ಹಟ್ಟಿಯಲ್ಲೇ ಇರುವ ಗಿಡ್ಡ. ಒಂದು ಮೀಟರ್ ಎತ್ತರ ಇಲ್ಲ, ಕಲ್ಲು ಹತ್ತುತ್ತದೆ, ಇಳಿಯುತ್ತದೆ, ಕಾಡುಸೊಪ್ಪು ತಿಂದು ತನ್ನಷ್ಟಕ್ಕೆ ಮನೆಗೆ ಬರುತ್ತದೆ. ಕರು ಹಾಕಲು ಡಾಕ್ಟರ್ ಬೇಡ. ಬದಿಯಡ್ಕದ ಹತ್ತಿರ ಬೇಳದಲ್ಲಿ ಸರ್ಕಾರವೇ ಕಾಸರಗೋಡು ಗಿಡ್ಡ ತಳಿ ಉಳಿಸಲಿಕ್ಕೆ ಒಂದು ಫಾರ್ಮ್ ನಡೆಸುತ್ತಿದೆ. ಒಂದು ದಿನ ಹೋಗಿ ನೋಡಿ ಬನ್ನಿ, ಪೆರ್ಲದಿಂದ ದೂರ ಏನಿಲ್ಲ.

ಹಾಲು ಕಡಿಮೆ, ಒಪ್ಪುತ್ತೇನೆ. ಹೊತ್ತಿಗೆ ಒಂದು ಲೀಟರ್ ಬಂದರೆ ದೊಡ್ಡದು. ಆದರೆ ಖರ್ಚೂ ಇಲ್ಲವಲ್ಲ? ನಾನು ತುಪ್ಪ ಮಾಡಿ ಗುರುತಿನವರಿಗೆ ಮಾತ್ರ ಕೊಡುತ್ತೇನೆ. ಮಂಗಳೂರಿನಿಂದ ಮನೆಗೆ ಬಂದು ಕೊಂಡುಹೋಗುತ್ತಾರೆ.


ಗೇರುಗುಡ್ಡೆ:

ಗಿಡ್ಡದ ತುಪ್ಪಕ್ಕೆ ಮನೆಗೆ ಬರುವವರು ಎಷ್ಟು ಮನೆ? ಹತ್ತು? ಹದಿನೈದು? ಪ್ರತಿಯೊಬ್ಬರೂ ಹತ್ತು ಗಿಡ್ಡ ಸಾಕಿದರೆ ಮಂಗಳೂರು ಸಾಲದು, ಮುಂಬೈಗೆ ಲಾರಿ ಇಡಬೇಕು.


ವರ್ಕಾಡಿಯವಳು:

ನಾನು ಒಂಬತ್ತು ದನ ಕಟ್ಟಿದವಳು, ಈಗ ಐದು. ಯಾಕೆ ಐದಕ್ಕೆ ಇಳಿಸಿದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಹತ್ತು ಲೀಟರಿನ ದನ ಅಂತ ಮಾರುವವನು ಹೇಳುತ್ತಾನಲ್ಲ, ಅದು ಕರು ಹಾಕಿದ ಮೇಲೆ ಒಂದೂವರೆ ಎರಡು ತಿಂಗಳಲ್ಲಿ ಕೊಡುವ ಹಾಲು. ಆಮೇಲೆ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಮೂರು, ಎರಡು. ಹತ್ತು ತಿಂಗಳು ಕರೆದರೆ ಒಟ್ಟು 2,300 ಲೀಟರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ, ನಮ್ಮ ಊರಿನ ಸೆಖೆಗೆ ಅದು ಒಳ್ಳೆಯದೇ. ಮತ್ತೆ ಬತ್ತಿಸಬೇಕು. ಒಂದು ಕರುವಿನಿಂದ ಇನ್ನೊಂದು ಕರುವಿಗೆ ನನ್ನ ಹಟ್ಟಿಯಲ್ಲಿ 14 ತಿಂಗಳಿಗಿಂತ ಕಡಿಮೆ ಬಂದದ್ದೇ ಇಲ್ಲ. ಗಬ್ಬದ ಸೂಜಿ ನಿಲ್ಲುವುದಿಲ್ಲ, ಬೆದೆ ಗೊತ್ತಾಗುವುದಿಲ್ಲ, ಏನೋ ಒಂದು. 14 ತಿಂಗಳು ಅಂದರೆ 425 ದಿನ. ಆ 2,300 ಲೀಟರನ್ನು 425ಕ್ಕೆ ಹಂಚಿ ನೋಡಿ, ದಿನಕ್ಕೆ ಐದೂವರೆ ಲೀಟರೂ ಇಲ್ಲ. ನಿಮ್ಮ ಹತ್ತು ಹೋಯಿತು.

ಈಗ ಹಿಂಡಿ. ಮೈ ಉಳಿಸಿಕೊಳ್ಳಲು ಒಂದೂಮುಕ್ಕಾಲು ಕಿಲೋ, ಮೇಲೆ ಲೀಟರಿಗೆ 400 ಗ್ರಾಂ. ಕರೆಯುವ ದಿನಗಳಲ್ಲಿ ಸರಾಸರಿ ನಾಲ್ಕೂಮುಕ್ಕಾಲು ಕಿಲೋ, ಬತ್ತಿದಾಗ ಎರಡು. ನನಗೆ ಹಿಂಡಿ ಕಿಲೋಗೆ 31 ಬೀಳುತ್ತದೆ. 425 ದಿನಕ್ಕೆ ಹಂಚಿದರೆ ದಿನಕ್ಕೆ 123 ರೂಪಾಯಿ ಹಿಂಡಿಗೇ. ಹಾಲಿನದ್ದು ನಿಮ್ಮ 44ರ ಲೆಕ್ಕದಲ್ಲಿ 238. ಉಳಿದದ್ದು ದನಕ್ಕೆ 115 ರೂಪಾಯಿ. ನಾಲ್ಕು ದನಕ್ಕೆ 460. ಬೈಹುಲ್ಲು, ಹಸಿಹುಲ್ಲು, ಖನಿಜ ಪುಡಿ, ಡಾಕ್ಟರ್, ಸಾಲದ ಬಡ್ಡಿ, ಗುಡ್ಡೆಯ ಬಾಡಿಗೆ ಎಲ್ಲ ಆ 460ರ ಒಳಗೆ.

ನಮ್ಮಲ್ಲಿ ಒಂದು ಆಳಿಗೆ ದಿನಕ್ಕೆ 900. ಅಷ್ಟೇ ಹೇಳುವುದು ನಾನು. ನಾಲ್ಕು ದನ ಸೇರಿ ಅರ್ಧ ಆಳಿನ ಸಂಬಳವನ್ನೂ ದುಡಿಯುವುದಿಲ್ಲ. ಕೆಲಸ ನೀವೇ ಮಾಡುವುದಾದರೆ ಆ ದುಡ್ಡು ನಿಮ್ಮದು, ಇಲ್ಲದಿದ್ದರೆ ಆಳಿನದ್ದು. ಒಂಬತ್ತು ಇದ್ದಾಗ ನಾನು ಮೂರು ವರ್ಷ ಒಂದು ಮದುವೆಗೂ ಸರಿಯಾಗಿ ಹೋದವಳಲ್ಲ. ತಾಳಿ ಕಟ್ಟುವುದು ನೋಡಿ ಊಟ ಬಿಟ್ಟು ಓಡಿ ಬಂದದ್ದು. ಐದಕ್ಕೆ ಇಳಿಸಿದ ಮೇಲೆ ಕೈಗೆ ಉಳಿಯುವ ದುಡ್ಡು ಹೆಚ್ಚು ಕಡಿಮೆ ಅಷ್ಟೇ ಇದೆ. ನಂಬಿದರೆ ನಂಬಿ. ಒಳ್ಳೆಯ ಐದನ್ನು ಇಟ್ಟುಕೊಂಡು ಬಾಕಿ ನಾಲ್ಕನ್ನು ಕೊಟ್ಟೆ. ಆ ನಾಲ್ಕು ಅಲ್ಲಿಯವರೆಗೆ ಈ ಐದರ ದುಡಿಮೆಯನ್ನು ತಿನ್ನುತ್ತಿದ್ದವು ಅಂತ ಕಾಣುತ್ತದೆ.


ಸುರಂಗನೀರು:

ವರ್ಕಾಡಿಯಕ್ಕ, ಈ ಲೆಕ್ಕ ಓದಿ ಹತ್ತು ನಿಮಿಷ ಸುಮ್ನೆ ಕೂತೆ. 425ಕ್ಕೆ ಹಂಚಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ನನ್ನ ಉಪಾಯವೇ ಹಿಂಡಿ ಕಡಿಮೆ ಮಾಡುವುದಲ್ವಾ? ಗುಡ್ಡೆಯಲ್ಲಿ ಹೊಟ್ಟೆ ತುಂಬ ಮೇದರೆ ಹಿಂಡಿ ಅರ್ಧಕ್ಕೆ ಇಳಿಸಬಹುದಲ್ಲ.

ಇನ್ನು ಗೊಬ್ಬರ. ಅದನ್ನು ನೀವು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.


ಮುಟ್ಟಾಳೆ, ಬೆಳ್ಳೂರು:

ಗೊಬ್ಬರದ ಮಾತು ಬಂದ ಕಾರಣ ನಾನು ಬಾಯಿ ಹಾಕುತ್ತೇನೆ. ನಾನು ದನ ಸಾಕುವುದೇ ಗೊಬ್ಬರಕ್ಕೆ, ಹಾಲು ಲಾಭ.

ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಟ್ಟಿಗೊಬ್ಬರ, 12 ಕಿಲೋ ಸೊಪ್ಪು ಅಂತ ನಮ್ಮ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯವರು ಹೇಳುವುದು. ನಿಮ್ಮ 700 ಮರಕ್ಕೆ 8,400 ಕಿಲೋ. ಈಗಿನ ಆರು ತಲೆಯಿಂದ ದಿನಕ್ಕೆ 60 ಕಿಲೋ ಹಸಿ ಸಗಣಿ ಹೇಗೂ ಬೀಳುತ್ತದೆ, ವರ್ಷಕ್ಕೆ 20 ಟನ್ ದಾಟಿತು. ಒಣಗಿ ಕೊಳೆತು ಅರ್ಧಕ್ಕೆ ಇಳಿದರೂ ತೋಟಕ್ಕೆ ಸಾಕಾಗಿ ಉಳಿಯುತ್ತದೆ. ಅಂದರೆ ಗೊಬ್ಬರಕ್ಕೋಸ್ಕರ ನಿಮಗೆ ಇನ್ನೊಂದು ದನವೂ ಬೇಡ. ಮಾರುವುದಾದರೆ ಬೇರೆ ವಿಷಯ, ಆದರೆ ಗುಡ್ಡೆಯಲ್ಲಿ ದಿನವಿಡೀ ಮೇಯುವ ದನ ಸಗಣಿಯನ್ನೂ ಗುಡ್ಡೆಯಲ್ಲೇ ಹಾಕಿ ಬರುತ್ತದೆ. ಅದನ್ನು ಹೆಕ್ಕಲು ಮತ್ತೆ ಆಳು.

ಮೇವಿಗೆ ನನ್ನದು ಅಡಿಕೆ ಹಾಳೆ. ಬಿದ್ದ ದಿನವೇ ತಂದು ಮೆಷಿನ್ನಿಗೆ ಕೊಟ್ಟು ಕೊಚ್ಚಿ ಹಾಕುವುದು. ಡಿಸೆಂಬರಿನಿಂದ ಮೇವರೆಗೆ ಬೈಹುಲ್ಲಿನ ಖರ್ಚು ಅರ್ಧ ಇಳಿದಿದೆ. ಮಳೆಗಾಲದ ಹಾಳೆ ಮಾತ್ರ ಕೊಡಬೇಡಿ, ಬೂಸಲು ಹಿಡಿದಿರುತ್ತದೆ. ಈಗ ಪ್ಲೇಟು ಮಾಡುವವರು ಬಂದು ಹಾಳೆಗೆ ದುಡ್ಡು ಕೊಡುತ್ತಾರೆ ನೋಡಿ, ಜನರಿಗೆ ದನದ ಬಾಯಿಯಿಂದ ಕಿತ್ತು ಮದುವೆಮನೆಗೆ ಕಳಿಸುವುದು ಸುಲಭ ಆಗಿದೆ.


ಸೂಜಿಮದ್ದು, ಬದಿಯಡ್ಕ:

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗುಡ್ಡೆಯಲ್ಲಿ ಹೊಟ್ಟೆ ತುಂಬ ಮೇಯುತ್ತದೆ ಅಂದಿರಲ್ಲ, ಅದಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ನಮ್ಮ ಪದವಿನ ಹುಲ್ಲು ಜೂನಿನಿಂದ ಅಕ್ಟೋಬರಿನವರೆಗೆ ಹುಲ್ಲು. ಹೂ ಬಿಟ್ಟ ಮೇಲೆ ಅದು ಮುಳಿ. ಮಾಡಿಗೆ ಹೊದೆಸಲು ಒಳ್ಳೆಯದು, ಹೊಟ್ಟೆಗೆ ಅಲ್ಲ. ಕರೆಯುವ ಕ್ರಾಸ್ ದನಕ್ಕೆ ದಿನಕ್ಕೆ 25 ಕಿಲೋ ಹಸಿಹುಲ್ಲು ಬೇಕು, ಅದನ್ನು ಮುರಕಲ್ಲಿನ ಗುಡ್ಡೆಯಲ್ಲಿ ಹುಡುಕಿ ತಿನ್ನಲು ಅದು ನಡೆಯುವ ದಾರಿಯಲ್ಲೇ ಎರಡು ಲೀಟರ್ ಹಾಲು ಕರಗಿ ಹೋಗುತ್ತದೆ. ಮತ್ತೆ ಉಣ್ಣಿ. ಉಣ್ಣಿಯಿಂದ ಥೈಲೇರಿಯಾ ಬಂದ ಎಚ್‌ಎಫ್ ದನವನ್ನು ಒಮ್ಮೆ ನೋಡಿದವರು ಮತ್ತೆ ಗುಡ್ಡೆಗೆ ಬಿಡುವ ಮಾತಾಡುವುದಿಲ್ಲ. ಜ್ವರ ಏರುತ್ತದೆ, ಕಣ್ಣು ಬಿಳಿಚುತ್ತದೆ, ಮೂರು ನಾಲ್ಕು ದಿನದಲ್ಲಿ ಮಲಗಿ ಬಿಡುತ್ತದೆ. ಗಿಡ್ಡಕ್ಕೂ ಉಣ್ಣಿ ಕಚ್ಚುತ್ತದೆ, ಆದರೆ ಅದು ಈ ಮಣ್ಣಿನಲ್ಲೇ ಹುಟ್ಟಿ ಬೆಳೆದದ್ದು.

ಗದ್ದೆಯಲ್ಲೂ ಜಾಗ್ರತೆ. ನೀರು ನಿಂತ ಗದ್ದೆಯಲ್ಲಿ ಬಸವನಹುಳ ಇರುತ್ತದೆ, ಅದರ ಮೂಲಕ ಹೊಟ್ಟೆಯ ಮತ್ತು ಲಿವರಿನ ಚಪ್ಪಟೆಹುಳ ದನಕ್ಕೆ ಬರುತ್ತವೆ. ಮೇಯಲು ಬಿಡಬೇಡಿ, ಕೊಯ್ದು ಒಂದು ಹೊತ್ತು ಬಾಡಿಸಿ ಹಾಕಿ. ಗುಡ್ಡೆಯ ಬದಿ ಮರಗೆಣಸು ಇದ್ದರೆ ಬೇಲಿ ಗಟ್ಟಿ ಮಾಡಿ. 2023ರ ಕೊನೆಯ ದಿನ ಇಡುಕ್ಕಿ ಕಡೆ ಒಂದೇ ಹಟ್ಟಿಯ 13 ದನ ಮರಗೆಣಸಿನ ಸಿಪ್ಪೆ ತಿಂದು ಸತ್ತದ್ದು ನೆನಪಿರಬಹುದು.

ಹೊಸ ದನ ತಂದರೆ ಮೂರು ವಾರ ಬೇರೆ ಕಟ್ಟಿ. ಒಂದು ದಿನ ಮಾರುವವನ ಹಟ್ಟಿಯಲ್ಲೇ ಉಳಿದು ಎರಡೂ ಹೊತ್ತು ನೀವೇ ಕರೆದು ನೋಡಿ. ಸಂಜೆ ಕರೆಯದೆ ಬಿಟ್ಟು ಬೆಳಿಗ್ಗೆ ಕೆಚ್ಚಲು ತುಂಬಿಸಿ ತೋರಿಸುವುದು ಹಳೆಯ ಆಟ. ಕಾಲುಬಾಯಿ ಜ್ವರದ ಲಸಿಕೆ, ಚರ್ಮಗಂಟು ರೋಗದ ಲಸಿಕೆ ಎರಡೂ ಆಗಿದೆಯಾ, ಕಿವಿಯ ಟ್ಯಾಗಿನ 12 ಅಂಕೆ ಕಾಗದದ ಜೊತೆ ಹೊಂದುತ್ತದಾ ನೋಡಿ.


ಗಡಿಯಾಚೆ, ವಿಟ್ಲ:

ಕಾಗದ ಅಂದ ಕೂಡಲೇ ನೆನಪಾಯಿತು. ನಮ್ಮ ಕಡೆಯಿಂದ ದನ ತರುವ ಯೋಚನೆ ಇದ್ದರೆ ಗಡಿಯ ಸಾರಡ್ಕ ದಾಟುವ ಮೊದಲು ಎಲ್ಲ ಕಾಗದ ಕೈಯಲ್ಲಿರಲಿ. ಕೊಟ್ಟವರ ಚೀಟಿ, ಡಾಕ್ಟರ ಸರ್ಟಿಫಿಕೇಟು, ಟ್ಯಾಗು. 2021ರಲ್ಲಿ ಕರ್ನಾಟಕದ ಗೋಹತ್ಯೆ ತಡೆಯ ಹೊಸ ಕಾನೂನು ಬಂದ ಮೇಲೆ ದನ ಸಾಗಿಸುವುದು ಅಂದರೆ ದಾರಿಯುದ್ದಕ್ಕೂ ಪ್ರಶ್ನೆ. ರಾತ್ರಿ ತರಲೇಬೇಡಿ.

ನಾನೂ ಬಾಡಿಗೆ ಜಾಗದ ಕಥೆಯವನೇ. ಎರಡು ಎಕರೆ ಹಿಡಿದೆ, ಬಾಯಿಮಾತಿನಲ್ಲಿ. ಮೊದಲ ವರ್ಷ ಬೇಲಿ ಹಾಕಿದೆ, ಪಂಪಿಗೆ ಪೈಪ್ ಎಳೆದೆ, ಸಿಒ-4 ಹುಲ್ಲು ನೆಟ್ಟೆ. ಎರಡನೇ ವರ್ಷ ಹುಲ್ಲು ಆಳೆತ್ತರ ಬಂದದ್ದು ನೋಡಿ ಜಾಗದವರಿಗೆ ತಮ್ಮ ಜಾಗದ ಮೇಲೆ ಪ್ರೀತಿ ಬಂತು. "ಈ ವರ್ಷ ನಾವೇ ನೋಡಿಕೊಳ್ಳುತ್ತೇವೆ" ಅಂದರು. ಜಗಳ ಮಾಡಲು ನನ್ನ ಹತ್ತಿರ ಒಂದು ತುಂಡು ಕಾಗದ ಇರಲಿಲ್ಲ. ಪೈಪ್ ಅಗೆದು ತಂದೆ, ಬೇಲಿ ಅಲ್ಲೇ ಇದೆ. ಈಗಲೂ ಆ ದಾರಿಯಲ್ಲಿ ಹೋಗುವಾಗ ಕಂಬ ಎಣಿಸುತ್ತೇನೆ.

ಹಾಲಿನ ದರ ನಿಮ್ಮ ಕಡೆ ಜಾಸ್ತಿ, ನಮಗೆ ನಂದಿನಿಯ ದರದ ಮೇಲೆ ಸರ್ಕಾರದ ಪ್ರೋತ್ಸಾಹಧನ. ಎಲ್ಲ ಕೂಡಿಸಿ ಕಳೆದರೆ ದನಕ್ಕೆ ಗಡಿ ಗೊತ್ತಾಗುವುದಿಲ್ಲ, ತಿನ್ನುವುದು ಎರಡೂ ಕಡೆ ಒಂದೇ.


ಹಳೇದಸ್ತಾವೇಜು, ಕುಂಬಳೆ:

ಕಾಗದ ಮಾಡಿಸುವಾಗಲೂ ನಮ್ಮಲ್ಲಿ ಒಂದು ಗಂಟು ಇದೆ. ಕೇರಳದ ಭೂಸುಧಾರಣೆ ಕಾನೂನಿನಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು, ಹೊಸದಾಗಿ ಗೇಣಿಗೆ ಕೊಡಲೂ ಆಗದು. ಅದಕ್ಕೇ ಮೂಲಗೇಣಿ, ಚಾಲಗೇಣಿ ಕಂಡ ಮನೆಗಳಲ್ಲಿ ಇವತ್ತಿಗೂ ಜಾಗ ಕೊಡಲು ಕೈ ನಡುಗುತ್ತದೆ. ಹಡಿಲು ಬಿಟ್ಟರೂ ಚಿಂತೆಯಿಲ್ಲ, ಇನ್ನೊಬ್ಬನ ಕಾಲು ಊರಬಾರದು ಅಂತ. ನಿಮ್ಮ ಮೇಲಿನ ಮನೆಯವರು ತಾವಾಗಿ ಕೇಳಿದ್ದೇ ದೊಡ್ಡದು.

ಒಂದು ವರ್ಷಕ್ಕೆ ಹುಲ್ಲು ಬೆಳೆದು ಕೊಯ್ದುಕೊಳ್ಳುವ ಅನುಮತಿ ಅಂತ ಮಾತ್ರ ಬರೆಸಿ, ಜಾಗದ ಹಕ್ಕು ಅವರದ್ದೇ ಅಂತ ಅದರಲ್ಲೇ ಇರಲಿ. ಅವರಿಗೂ ನಿದ್ದೆ ಬರುತ್ತದೆ. ಬರೆಯುವ ಮೊದಲು ಒಬ್ಬ ವಕೀಲರಿಗೆ ತೋರಿಸಿ, ನನ್ನ ಮಾತಿನ ಮೇಲೆ ಸಹಿ ಹಾಕಬೇಡಿ. ಇನ್ನೊಂದು, ಗದ್ದೆಯಲ್ಲಿ ಮಣ್ಣು ತುಂಬಿಸುವುದು, ಶೆಡ್ ಕಟ್ಟುವುದು ಮಾಡಬೇಡಿ. 2008ರ ಗದ್ದೆ ಸಂರಕ್ಷಣೆ ಕಾನೂನು ಇದೆ. ದನಗಳ ಸಂಖ್ಯೆ ಏರಿದರೆ ಪಂಚಾಯತಿನ ಲೈಸೆನ್ಸ್ ಬೇಕಾಗುತ್ತದೆ, ಅದನ್ನೂ ಮೊದಲೇ ಕೇಳಿ.


ಗಿಡ್ಡದಗಂಟೆ:

ಎಲ್ಲರೂ ಸೇರಿ ಹುಡುಗನನ್ನು ಹಟ್ಟಿಯಿಂದಲೇ ಓಡಿಸುತ್ತೀರಿ. ನಮ್ಮ ಅಜ್ಜಂದಿರು ಮೂವತ್ತು ನಲವತ್ತು ದನ ಕಟ್ಟುತ್ತಿರಲಿಲ್ವಾ? ಕುಮ್ಕಿಯಲ್ಲಿ, ಅಂದರೆ ತೋಟಕ್ಕೆ ತಾಗಿದ ಸರ್ಕಾರಿ ಜಾಗದಲ್ಲಿ ಮೇಯುತ್ತಿದ್ದವು, ಯಾರು ಲೆಕ್ಕ ಬರೆದಿದ್ದರು?


ವರ್ಕಾಡಿಯವಳು:

ಕಟ್ಟುತ್ತಿದ್ದರು ಅಣ್ಣ. ದನ ಮೇಯಿಸಲು ಒಬ್ಬ ಹುಡುಗ ಇದ್ದ, ಅವನಿಗೆ ಊಟ ಮತ್ತು ವರ್ಷಕ್ಕೆ ಎರಡು ಬಟ್ಟೆ. ಆ ಹುಡುಗನ ಮೊಮ್ಮಗ ಈಗ ದುಬೈಯಲ್ಲಿದ್ದಾನೆ, ಒಳ್ಳೆಯದಾಯಿತು. ಹಟ್ಟಿ ಬಾಚುತ್ತಿದ್ದವರು ಮನೆಯ ಹೆಂಗಸರು, ಅದರ ಲೆಕ್ಕವನ್ನು ಅಜ್ಜ ಬರೆಯಲಿಲ್ಲ ಅಷ್ಟೇ.


ಗಿಡ್ಡದಗಂಟೆ:

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಗಿಡ್ಡ ಗಿಡ್ಡವೇ.


ಗೇರುಗುಡ್ಡೆ:

ತಮಾಷೆ ಸಾಕು, ಒಂದು ವಿಷಯ ಯಾರೂ ಕೇಳಲಿಲ್ಲ. ಸುರಂಗನೀರು, ನಿಮ್ಮ ಹೆಸರಿನಲ್ಲೇ ಇದೆ. ಏಪ್ರಿಲಿನಲ್ಲಿ ನಿಮ್ಮ ಸುರಂಗದಿಂದ ದಿನಕ್ಕೆ ಎಷ್ಟು ನೀರು ಬರುತ್ತದೆ? ಎಷ್ಟು ಎಕರೆ, ಎಷ್ಟು ದನ ಅನ್ನುವುದೆಲ್ಲ ಆಮೇಲೆ. ನಮ್ಮ ಊರಿನಲ್ಲಿ ಜೂನಿನಲ್ಲಿ ಯಾರೂ ದನ ಸಾಕಬಹುದು. ವಿಷುವಿನಿಂದ ಪತ್ತನಾಜೆಯವರೆಗೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಯಾರು ಸಾಕುತ್ತಾರೆ ಅನ್ನುವುದೇ ಪ್ರಶ್ನೆ.

ಒಂದು ಎಕರೆ ನೇಪಿಯರ್ ಹುಲ್ಲಿಗೆ ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚು ನೀರು ಕೊಟ್ಟರೂ ಅದು ಒಂದು ಲಕ್ಷ ಲೀಟರ್. ಒಂದು ಲಕ್ಷ. ಬೇಕಾದರೆ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸಿ.


ಸುರಂಗನೀರು:

ಒಂದು ವಾರ ಇಲ್ಲಿಗೆ ಬರಲಿಲ್ಲ, ಅಳತೆಯಲ್ಲಿ ಕೂತಿದ್ದೆ.

ಟ್ಯಾಂಕಿ 10,000 ಲೀಟರಿನದ್ದು. ಈಗ ನವೆಂಬರಿನಲ್ಲಿ ಖಾಲಿ ಮಾಡಿ ಬಿಟ್ಟರೆ ಒಂಬತ್ತು ಗಂಟೆಗೆ ತುಂಬುತ್ತದೆ. ಅಂದರೆ ದಿನಕ್ಕೆ 27,000 ಹತ್ತಿರ. ಇದನ್ನೇ ನೋಡಿ ನಾನು ನೀರು ಬೇಕಾದಷ್ಟು ಇದೆ ಅಂದುಕೊಂಡದ್ದು. ಆದರೆ ಅಮ್ಮ ಕ್ಯಾಲೆಂಡರಿನಲ್ಲಿ ಎಲ್ಲ ಬರೆದಿಡುತ್ತಾರೆ, ದನ ಬೆದೆಗೆ ಬಂದದ್ದು, ಗ್ಯಾಸ್ ಬಂದದ್ದು, ಟ್ಯಾಂಕಿ ತುಂಬಿದ್ದು. ಕಳೆದ ಏಪ್ರಿಲಿನ ಹಾಳೆಯಲ್ಲಿ ಒಂದು ಟ್ಯಾಂಕಿ ತುಂಬಲು 28 ಗಂಟೆ ಅಂತ ಇದೆ. ಅಲ್ಲಿಗೆ ದಿನಕ್ಕೆ 8,500 ಲೀಟರ್ ಅಷ್ಟೇ.

ಅಡಿಕೆಗೆ ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16 ಲೀಟರ್ ಹಿಡಿದರೂ 700 ಮರಕ್ಕೆ 11,200. ತೋಟಕ್ಕೇ ಸಾಲದು! ಹೋದ ವರ್ಷ ಮೇಲಿನ ಸಾಲಿನ ಮರಗಳ ಸೋಗೆ ಯಾಕೆ ಜೋಲಿತ್ತು ಅಂತ ಈಗ ಗೊತ್ತಾಯಿತು, ನಾನು ಏನೋ ರೋಗ ಅಂತ ಔಷಧಿ ಬಿಟ್ಟಿದ್ದೆ. ಇದರ ಮೇಲೆ ದನ ಕುಡಿಯಲು ತಲೆಗೆ 60 ಲೀಟರ್, ಮೈ ತೊಳೆಯಲು, ಹಟ್ಟಿ ತೊಳೆಯಲು ಮತ್ತೆ ಅಷ್ಟೇ ಬೇಕು.

ಹುಲ್ಲನ್ನೂ ತೂಗಿದೆ. ಒಂದು ವಾರ ದಿನಾ ಕೊಯ್ದ ಕಟ್ಟನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. ಮೂರು ಕ್ರಾಸ್ ದನಕ್ಕೆ ನಾನು ಹಾಕುತ್ತಿರುವುದು ದಿನಕ್ಕೆ 38 ಕಿಲೋ. ಸೂಜಿಮದ್ದು ಹೇಳಿದ ಪ್ರಕಾರ ಬೇಕಾದ್ದು 75. ಇದ್ದವಕ್ಕೇ ಅರ್ಧ ಹೊಟ್ಟೆ. ಬಾಕಿ ಅರ್ಧವನ್ನು ಹಿಂಡಿಯಲ್ಲಿ ತುಂಬಿಸುತ್ತಿದ್ದೇನೆ, 31 ರೂಪಾಯಿಯ ಹಿಂಡಿಯಲ್ಲಿ. ಸಂಜೆ ಹೆಂಡತಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ, ಅದೇ ಕಷ್ಟ.


ವರ್ಕಾಡಿಯವಳು:

ತಕ್ಕಡಿಗೆ ಹಾಕಿದಿರಲ್ಲ, ಅಲ್ಲಿಗೆ ಅರ್ಧ ಗೆದ್ದಿರಿ. ನಾನು ಅದನ್ನು ಮಾಡಿದ್ದು ಆರನೇ ವರ್ಷದಲ್ಲಿ.

ಇನ್ನು ಗದ್ದೆಯನ್ನು ಬಿಡಬೇಡಿ. ಗುಡ್ಡೆಯಲ್ಲ, ಗದ್ದೆ. ನಿಮಗೆ ಬೇಕಾದ್ದು ಹೊಸ ದನಕ್ಕೆ ಮೇಯುವ ಜಾಗವಲ್ಲ, ಇರುವ ದನಕ್ಕೆ ಕೊಯ್ಯುವ ಹುಲ್ಲು. ತೋಡಿನ ಬದಿ ಅಂದಿರಿ. ತೋಡಿಗೆ ಮೊದಲು ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು ಇತ್ತಾ?


ಮುಟ್ಟಾಳೆ:

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಏತಡ್ಕದ ಕಡೆ ಹೋಗಿ ನೋಡಿ, ತೋಡಿಗೆ ವರ್ಷವರ್ಷ ಕಟ್ಟ ಹಾಕಿ ಆ ನೀರಿನಲ್ಲೇ ಬೇಸಿಗೆ ದಾಟಿಸುವವರು ಇದ್ದಾರೆ. ಮಳೆ ನಿಂತು ಹರಿವು ಇಳಿಯುವಾಗ, ನವೆಂಬರ್ ಡಿಸೆಂಬರಿನಲ್ಲಿ ಕಟ್ಟಬೇಕು. ತಡ ಆದರೆ ಕಟ್ಟಲು ನೀರೇ ಇರುವುದಿಲ್ಲ. ಕಲ್ಲು ಮಣ್ಣಿನ ಕಟ್ಟ ಈಗ ಯಾರಿಗೂ ಆಗುವುದಿಲ್ಲ, ಮರಳು ಚೀಲ ಇಟ್ಟು ಪ್ಲಾಸ್ಟಿಕ್ ಶೀಟ್ ಹಾಸಿದರೂ ಸಾಕು. ನೀರು ನಿಂತರೆ ಬದಿಯ ಬಾವಿ, ಗದ್ದೆ ಎಲ್ಲ ತಂಪು. ನಿಮ್ಮ ಸುರಂಗ ಪೂರ್ತಿ ತೋಟಕ್ಕೆ ಬಿಡಬಹುದು.

ಗದ್ದೆಯ ಮಧ್ಯಕ್ಕೆ ನೇಪಿಯರ್ ಬೇಡ, ಆಟಿಯ (ಜುಲೈ-ಆಗಸ್ಟ್) ಮಳೆಗೆ ನೀರು ನಿಂತು ಬುಡ ಕೊಳೆಯುತ್ತದೆ. ಅಲ್ಲಿಗೆ ಪಾರಾ ಹುಲ್ಲು, ಅದು ನೀರಿನಲ್ಲಿ ನಿಂತೇ ಬೆಳೆಯುವುದು. ಹುಣಿಯ (ಬದುವಿನ) ಮೇಲೆ, ಎತ್ತರದ ಬದಿಯಲ್ಲಿ ಸಿಒ-5 ನೇಪಿಯರ್ ಊರಿ. ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಕಾಗದದಲ್ಲಿ ಎಕರೆಗೆ 150 ಟನ್ ಅಂತ ಬರೆದಿರುತ್ತಾರೆ, ನಮ್ಮಂಥವರ ಕೈಗೆ ಅದರಲ್ಲಿ ಅರ್ಧ ಬಂದರೆ ಹಬ್ಬ. ನಿಮ್ಮ ಮೂರು ದನಕ್ಕೆ ವರ್ಷಕ್ಕೆ ಬೇಕಾದ್ದು 27 ಟನ್ ತಾನೇ?


ಸೂಜಿಮದ್ದು:

ಎಳೆ ಹುಲ್ಲೇ ಸುಮ್ಮನೆ ತುಂಬಿಸಬೇಡಿ, ಫ್ಯಾಟ್ ಇಳಿಯುತ್ತದೆ. ಸೊಸೈಟಿಯಲ್ಲಿ ದರ ಸಿಗುವುದು ಫ್ಯಾಟಿಗೂ ಎಸ್‌ಎನ್‌ಎಫ್‌ಗೂ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ). ಜೊತೆಗೆ ಒಣಹುಲ್ಲೋ ಕೊಚ್ಚಿದ ಹಾಳೆಯೋ ಇರಲಿ. ಹುಲ್ಲು ಹೆಚ್ಚಿಸಿ ಹಿಂಡಿ ಇಳಿಸುವಾಗಲೂ ಒಂದೇ ದಿನಕ್ಕೆ ಅಲ್ಲ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ.

ಕಡಸಿಗೆ ಎಷ್ಟು ಪ್ರಾಯ? ಗಬ್ಬ ಇದೆಯಾ?


ಸುರಂಗನೀರು:

ಐದು ತಿಂಗಳ ಗಬ್ಬ, ಜೆರ್ಸಿ ಕ್ರಾಸ್. ಮನೆಯಲ್ಲೇ ಹುಟ್ಟಿದ್ದು.


ವರ್ಕಾಡಿಯವಳು:

ಮತ್ತೆ ನಿಮ್ಮ ಹೊಸ ದನ ಅದೇ ಅಲ್ವಾ. ಸಾಲವಿಲ್ಲದೆ ಮಾರ್ಚಿಗೆ ಬರುತ್ತದೆ.


ಗಡಿಯಾಚೆ:

ಸಾಲದ ಬಗ್ಗೆ ಒಂದು ಮಾತು. ದನಕ್ಕೆ ಅಂತ ದೊಡ್ಡ ಸಾಲ ಬೇಡ ಅನಿಸಿದರೂ ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಹೈನಿಗೂ ಸಿಗುತ್ತದೆ. ಪೈಪು, ಬೀಜದ ಕಡ್ಡಿ, ಬೈಹುಲ್ಲು ಒಟ್ಟಿಗೆ ತರಿಸುವುದು, ಇಂಥದ್ದಕ್ಕೆ ಅಷ್ಟು ಸಾಕು. ಬೈಹುಲ್ಲನ್ನು ಏಪ್ರಿಲಿನಲ್ಲಿ ಕೊಳ್ಳಬೇಡಿ, ಘಟ್ಟದ ಮೇಲಿನ ಕೊಯ್ಲು ಮುಗಿದ ಕೂಡಲೇ ಲಾರಿಯವರಿಗೆ ಹೇಳಿ ಇಡಿ. ನಾಲ್ಕು ಮನೆ ಸೇರಿದರೆ ರೋಲಿಗೆ ಒಳ್ಳೆಯ ವ್ಯತ್ಯಾಸ ಬರುತ್ತದೆ.


ಸುರಂಗನೀರು:

ಒಂದು ವಾರ ಕಳೆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಬೆಂಗಳೂರಿಗೆ ಫೋನ್ ಮಾಡಿದೆ. ಗುಡ್ಡೆ ಬಾಡಿಗೆಗೆ ಬೇಡ, ಗದ್ದೆ ಮಾತ್ರ ಸಾಕು ಅಂದೆ. ಅವರು ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಅವರ ತಲೆಬಿಸಿ ದುಡ್ಡಿನದ್ದೇ ಅಲ್ಲ. ಬೇಸಿಗೆಯಲ್ಲಿ ಮುಳಿಗೆ ಬೆಂಕಿ ಬಿದ್ದು ಗುಡ್ಡೆಯಿಂದ ಮನೆಯ ಮಾಡಿಗೆ ಬಂದರೆ ಅಂತ ಭಯ, ಮತ್ತೆ ಅಂಗಳದ ಹಿಂದೆ ಇರುವ 40 ತೆಂಗು. ಕೊನೆಗೆ ಮಾತಾದದ್ದು ಹೀಗೆ: ಗದ್ದೆಗೆ ವರ್ಷಕ್ಕೆ 6,000. ತೆಂಗಿನ ಬುಡಕ್ಕೆ ನಾನು ಗೊಬ್ಬರ ಹಾಕುವುದು. ಜನವರಿಯ ಒಳಗೆ ಗುಡ್ಡೆಯ ಸುತ್ತ ಹತ್ತಡಿ ಅಗಲಕ್ಕೆ ಹುಲ್ಲು ಕೊಯ್ದು ಬೆಂಕಿ ದಾಟದ ಹಾಗೆ ಮಾಡುವುದು. ಅದಕ್ಕೆ ಬದಲು ಮಳೆಗಾಲದಲ್ಲಿ ನನ್ನ ಎರಡು ಗಿಡ್ಡ ಗುಡ್ಡೆಯಲ್ಲಿ ಮೇಯಬಹುದು, ಬಾಡಿಗೆ ಇಲ್ಲ. ಗಿಡ್ಡದಗಂಟೆಯವರಿಗೆ ಖುಷಿಯಾಗಲಿ ಅಂತ ಹೇಳಿದೆ.

ಕಾಗದ ಹಳೇದಸ್ತಾವೇಜು ಹೇಳಿದ ಹಾಗೆ, ಹುಲ್ಲು ಕೊಯ್ಯುವ ಅನುಮತಿ ಅಂತ. ವಕೀಲರು ನೋಡಿ ಎರಡು ಸಾಲು ಬದಲಿಸಿದರು. ನಾನು ಮೂರು ವರ್ಷ ಕೇಳಿದೆ, ಅವರು ಒಂದೇ ಅಂದರು, ಒಂದಕ್ಕೇ ಒಪ್ಪಿದೆ. ಪಾರಾ ಹುಲ್ಲಿಗೆ ಬೇಲಿ ಬೇಡ, ಪೈಪ್ ಬಿಚ್ಚಿ ತರಬಹುದು. ಗಡಿಯಾಚೆಯವರ ಕಂಬಗಳು ನೆನಪಿವೆ.

ಎಚ್‌ಎಫ್ ನಾಲ್ಕು ಬೇಡ ಅಂತ ಆಯಿತು. ಸಾಲದ ಅರ್ಜಿ ಡ್ರಾಯರಿನಲ್ಲೇ ಇದೆ, ಹರಿದಿಲ್ಲ. ಹುಲ್ಲು ಒಂದು ಬೇಸಿಗೆ ದಾಟಲಿ, ಆಮೇಲೆ ಒಂದು ದನದ ಮಾತು ಎತ್ತುತ್ತೇನೆ, ಆಗ ಮತ್ತೆ ಬೈಯಿರಿ.

ಕಟ್ಟದ್ದು ಕೇಳಿದಿರಿ. ಇತ್ತಂತೆ, ನಾನು ಸಣ್ಣವನಿರುವಾಗ ನಿಂತು ಹೋದದ್ದು. ಕಲ್ಲಿನ ಅಡಿಪಾಯ ಈಗಲೂ ಕಾಣುತ್ತದೆ. ಕೆಳಗಿನ ಮೂರು ಮನೆಯವರ ಹತ್ತಿರ ಹೋದೆ. ಒಬ್ಬರು ಬಾವಿಗೆ ಪೈಪ್ ಇಳಿಸಿ ಇಳಿಸಿ ಬೇಸತ್ತಿದ್ದರು, ಕೂಡಲೇ ಒಪ್ಪಿದರು. ಇನ್ನೊಬ್ಬರು ನೀರು ತಮ್ಮ ತೋಟಕ್ಕೆ ನುಗ್ಗುತ್ತದೆ ಅಂತ ಸ್ವಲ್ಪ ರಗಳೆ ಮಾಡಿದರು, ಎತ್ತರ ಮೂರಡಿ ದಾಟಬಾರದು ಅಂತ ಮಾತಾಯಿತು. ಈ ಭಾನುವಾರ ಎಂಟು ಜನ ಸೇರುತ್ತೇವೆ. ಚೀಲ ಇದೆ, ಮರಳು ಇದೆ, ಮಧ್ಯಾಹ್ನದ ಊಟ ನಮ್ಮಲ್ಲಿ. ಶೀಟ್ ಮಾತ್ರ ಸಾಲದು. ಇಪ್ಪತ್ತಡಿ ಅಗಲದ ಹಳೇ ಶೀಟ್ ಯಾರ ಹತ್ತಿರವಾದರೂ ಇದೆಯಾ?


ಮುಟ್ಟಾಳೆ:

ಅಡಿಕೆ ಅಂಗಳಕ್ಕೆ ಹಾಸುತ್ತಿದ್ದದ್ದು ಒಂದು ಇದೆ. ಎರಡು ಕಡೆ ಇಲಿ ಕಚ್ಚಿದೆ, ಮಡಚಿ ಹಾಕಿದರೆ ನಡೆಯುತ್ತದೆ. ಶನಿವಾರ ಪೆರ್ಲ ಪೇಟೆಗೆ ಬರುವುದಿದೆ, ಜೀಪಿನಲ್ಲಿ ಹಾಕಿ ತರುತ್ತೇನೆ. ಪಾರಾ ಹುಲ್ಲಿನ ಬಳ್ಳಿಯೂ ನಾಲ್ಕು ಕಟ್ಟು ತರಬಹುದು, ಹೇಗೂ ಜೀಪು ಖಾಲಿ.


ಗೇರುಗುಡ್ಡೆ:

ಊಟಕ್ಕೆ ಏನು?


ಸುರಂಗನೀರು:

ಬಂದರೆ ಗೊತ್ತಾಗುತ್ತದೆ. ಹಾರೆ ತನ್ನಿ.